ಹಳೆಯ ತೋಡು, ಹೊಸ ಹಗ್ಗ

"ಗುರುಗಳೇ, ಈಗ ಬರುವವರು ನಮ್ಮಷ್ಟು ಗಟ್ಟಿಯಿಲ್ಲವೇಕೆ?" ಎಂದು ಚನ್ನವೀರ ಕೇಳಿದ.

ಮಠಕ್ಕೆ ಹೊಸದಾಗಿ ಬಂದವರಿಗೆ ಪಾಠ ಹೇಳುವುದು ಅವನ ಕೆಲಸ. ಗುರುಗಳು ವಯಸ್ಸಾಯಿತೆಂದು ಅದನ್ನು ಅವನಿಗೆ ಒಪ್ಪಿಸಿದ್ದರು. ಅವರು ಕಲಿಸಿದಂತೆಯೇ ಅವನೂ ಕಲಿಸುತ್ತಿದ್ದ. ಅವರು ಗದರುತ್ತಿದ್ದಲ್ಲಿ ಗದರುತ್ತಿದ್ದ, ಅವರು ಸುಮ್ಮನಿರುತ್ತಿದ್ದಲ್ಲಿ ಸುಮ್ಮನಿರುತ್ತಿದ್ದ. ಆದರೂ ಬಂದವರಲ್ಲಿ ಹೆಚ್ಚಿನವರು ನಿಲ್ಲಲಿಲ್ಲ. ಈಗ ಅಡಿವೆಪ್ಪನೆಂಬ ಶಿಷ್ಯನೂ ಗಂಟು ಕಟ್ಟಿಕೊಂಡು ಅಂಗಳದಲ್ಲಿ ಕೂತಿದ್ದ. ಅಂಥ ಬುದ್ಧಿಯವನು ಆ ಮಠಕ್ಕೆ ಬಾರದೆ ಬಹಳ ಕಾಲವಾಗಿತ್ತು. ಪಾಠ ಬಾಯಿಗೆ ಬರುವ ತನಕ ಪ್ರಶ್ನೆ ಕೇಳಬಾರದೆಂಬುದು ಮಠದ ಕಟ್ಟಳೆ. ಅಡಿವೆಪ್ಪನಿಗೋ ಪ್ರಶ್ನೆ ಕೇಳದೆ ಪಾಠ ಬಾಯಿಗೆ ಬಾರದು. ಬಿಸಿಲು ಇಳಿದ ಮೇಲೆ ಹೊರಡುತ್ತೇನೆ ಎಂದಿದ್ದ.

ಅವನನ್ನು ಉಳಿಸಿಕೊಳ್ಳುವ ಮನಸ್ಸು ಚನ್ನವೀರನಿಗೆ ಇತ್ತು. ತಪ್ಪು ಅಡಿವೆಪ್ಪನದೇ ಎಂದು ಗುರುಗಳ ಬಾಯಿಂದ ಕೇಳುವ ಆಸೆ ಅದಕ್ಕಿಂತ ತುಸು ಹೆಚ್ಚೇ ಇತ್ತು.

ಗುರುಗಳು ಅಂಗಳದ ಕಡೆ ಒಮ್ಮೆ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಮೇಸ್ತ್ರಿ ಇದ್ದ. ಭಾರದ ಕಲ್ಲುಗಳನ್ನು ಮೇಲೆತ್ತಿ ಗೋಡೆಗೆ ಕೂರಿಸುವುದು ಅವನ ಕಸುಬು. ಅವನ ಬಳಿ ಒಂದು ರಾಟೆ ಇತ್ತು. ಕರಿಜಾಲಿಯ ಬೊಡ್ಡೆಯಿಂದ ಅವನ ತಂದೆ ಕೆತ್ತಿದ್ದು. ಹಗ್ಗ ಕೂರಲೆಂದು ರಾಟೆಯ ಸುತ್ತ ಒಂದು ತೋಡು. ಎತ್ತರದ ತೊಲೆಗೆ ರಾಟೆಯನ್ನು ಕಟ್ಟಿ, ತೋಡಿನಲ್ಲಿ ಹಗ್ಗ ಹಾಯಿಸಿದರೆ, ಒಂದು ತುದಿಗೆ ಕಲ್ಲು, ಇನ್ನೊಂದು ತುದಿಗೆ ಆಳುಗಳು. ಅಷ್ಟೇ ವಿದ್ಯೆ. ಅಷ್ಟರಲ್ಲೇ ತಂದೆ ಊರೂರಿನ ಅಗಸೆ ಬಾಗಿಲು ಕಟ್ಟಿ, ಹೆಸರು ಮಾಡಿ ತೀರಿಕೊಂಡಿದ್ದ.

ಮಗ ಆ ರಾಟೆಯನ್ನು ದೇವರ ಜಗುಲಿಯ ಮೇಲೆ ಇಡುತ್ತಿದ್ದ. ಅಮಾವಾಸ್ಯೆಗೆ ಎಣ್ಣೆ ಸವರಿ ಕುಂಕುಮ ಹಚ್ಚುತ್ತಿದ್ದ. ಪೂಜೆಗೊಂಡ ಹತಾರಕ್ಕೆ ಮತ್ತೆ ಉಳಿ ಮುಟ್ಟಿಸಬಾರದೆಂಬುದು ಅವರ ಮನೆತನದ ನಡೆ. ಸುತ್ತಿಗೆಯ ಕಾವು ಸಡಿಲವಾದರೂ ಅರಿವೆ ಸುತ್ತಿ ಬಿಗಿ ಮಾಡುತ್ತಿದ್ದರೇ ಹೊರತು ಕೆತ್ತುತ್ತಿರಲಿಲ್ಲ.

ತಂದೆಯ ಕಾಲದಲ್ಲಿ ಕಲ್ಲು ಹಗುರ, ಹಗ್ಗ ಸಣ್ಣದು. ಮಗನ ಕಾಲಕ್ಕೆ ಊರವರಿಗೆ ದೊಡ್ಡ ಅಗಸೆ ಬೇಕಾಯಿತು. ದೊಡ್ಡ ಅಗಸೆಗೆ ದೊಡ್ಡ ಕಲ್ಲು ಬೇಕು. ಮೇಸ್ತ್ರಿ ಹಗ್ಗದವನನ್ನು ಕರೆಸಿ ದಪ್ಪ ಹಗ್ಗ ಹೊಸೆಯಲು ಹೇಳಿದ. ಅವನು ಕತ್ತಾಳೆಯ ನಾರನ್ನು ತೊಳೆದು, ಒಣಗಿಸಿ, ಹೊಸೆದು ಕೊಟ್ಟ. ಸುಗ್ಗಿ ಮುಗಿಯುವುದರೊಳಗೆ ಆ ಹಗ್ಗ ಹರಿಯಿತು. ಕಲ್ಲು ಬಿದ್ದು ಎರಡು ಹೋಳಾಯಿತು.

ನಾರು ಕೊಳೆತದ್ದು ಎಂದ ಮೇಸ್ತ್ರಿ. ಇನ್ನೂ ದಪ್ಪದ್ದನ್ನು ಹೊಸೆಯಲು ಹೇಳಿದ. ಅದು ಮುಂದಿನ ಹುಣ್ಣಿಮೆಯವರೆಗೂ ಬಾಳಲಿಲ್ಲ. ಈ ಸಲ ಒಬ್ಬ ಆಳಿನ ಪಾದ ಜಜ್ಜಿಹೋಯಿತು. ದಪ್ಪವಾದಷ್ಟೂ ಬೇಗ ಹರಿಯುವ ಹಗ್ಗವನ್ನು ಊರು ಅದುವರೆಗೆ ಕಂಡಿರಲಿಲ್ಲ. ಹಗ್ಗದವನು ಮೋಸಗಾರ ಎಂದು ಎಲ್ಲರೂ ತೀರ್ಮಾನಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಲ್ಲಿ ಊರು ಯಾವತ್ತೂ ಹಿಂದೆ ಬಿದ್ದದ್ದಿಲ್ಲ. ಎತ್ತಿನ ಮೂಗುದಾರವನ್ನೂ ಜನ ಅವನಿಂದ ಕೊಳ್ಳದಾದರು.

ಹಗ್ಗದವನು ಸಿಟ್ಟಿನಲ್ಲಿ ಮೂರನೆಯ ಹಗ್ಗ ಹೊಸೆದ. ಅದು ಮಗುವಿನ ತೋಳಿನಷ್ಟು ದಪ್ಪವಿತ್ತು.

ಆ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಹಗ್ಗ ಮೊದಲ ಸಲ ಭಾರ ಎತ್ತುವಾಗ ಅದನ್ನು ಹೊಸೆದವನು ಕಲ್ಲಿನ ಕೆಳಗೆ ನಿಲ್ಲಬೇಕು. ಹಿಂದಿನೆರಡು ಸಲವೂ ಅವನು ನಿಂತಿದ್ದ. ಈ ಸಲ ಅವನ ಹೆಂಡತಿ ಬಂದು ದೂರದಲ್ಲಿ ಕೂತಳು. ಮೊದಲನೆಯದಕ್ಕಿಂತ ಎರಡನೆಯದು ಬೇಗ ಹರಿದಿತ್ತು. ಹಾಗಾದರೆ ಮೂರನೆಯದು ಯಾವಾಗ ಹರಿದೀತು ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ನಿಲ್ಲದಿದ್ದರೆ ಮೋಸ ಒಪ್ಪಿಕೊಂಡಂತೆ.

ಕಲ್ಲಿನ ಹತ್ತಿರ ಹೋದವನು ಮೇಸ್ತ್ರಿಯ ಕಡೆ ತಿರುಗಿದ.

"ನಾ ನಿಲ್ಲತೀನಿ. ಆದ್ರ ಕಲ್ಲು ಎತ್ತೂದು ಹಗ್ಗ ಒಂದ ಅಲ್ಲ, ರಾಟಿನೂ ಐತಿ. ರಾಟಿ ನಿಂದು. ನೀನೂ ಬಂದು ನನ್ನ ಮಗ್ಗಲಾಗ ನಿಲ್ಲು."

"ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ," ಎಂದ ಮೇಸ್ತ್ರಿ. "ಅದು ನಮ್ಮಪ್ಪನ ರಾಟಿ."

"ಹಂಗಾದ್ರ ನಿನಗ ಅಂಜಿಕಿ ಯಾಕ?"

ಆಳುಗಳೆಲ್ಲ ಇದನ್ನು ಕೇಳಿಸಿಕೊಂಡರು. ಮೇಸ್ತ್ರಿಗೆ ಬೇರೆ ದಾರಿ ಉಳಿಯಲಿಲ್ಲ. ಹೋಗಿ ನಿಂತ.

ಅವನು ಅದುವರೆಗೆ ರಾಟೆಯ ಕೆಳಗೆ ನಿಂತವನಲ್ಲ. ಎಳೆಯುವ ಆಳುಗಳ ಪಕ್ಕದಲ್ಲಿ ನಿಂತು ಕೂಗು ಹಾಕುವುದು ಅವನ ಜಾಗ. ಅಲ್ಲಿಂದ ಕಾಣುವುದು ಹಗ್ಗ ಮಾತ್ರ. ಹಾಗಾಗಿ ಅವನಿಗೆ ಕಂಡ ತಪ್ಪೂ ಹಗ್ಗದ್ದು ಮಾತ್ರ. ಈಗ ಕಲ್ಲು ನೆಲ ಬಿಟ್ಟು ಮೆಲ್ಲಗೆ ತಲೆಯ ಮೇಲಕ್ಕೆ ಬಂತು. ಮೇಸ್ತ್ರಿಯ ಮುಖದ ಮೇಲೆ ಏನೋ ಉದುರಿತು. ಒರೆಸಿ ನೋಡಿದರೆ ನಾರಿನ ಪುಡಿ. ಹಗ್ಗದವನ ತಲೆಯ ಮೇಲೂ ಅದೇ ಬೀಳುತ್ತಿತ್ತು. ಹೊಸ ಹಗ್ಗ ಪುಡಿ ಉದುರಿಸುವುದು ಸಹಜವೆಂದು ಅವನು ಹಿಂದಿನೆರಡು ಸಲವೂ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ.

ಮೇಸ್ತ್ರಿ ತಲೆಯೆತ್ತಿದ. ಹಗ್ಗ ತೋಡಿನ ತಳದಲ್ಲಿ ಕೂತಿರಲಿಲ್ಲ. ತೋಡಿನ ಎರಡು ಅಂಚುಗಳ ನಡುವೆ ಸಿಕ್ಕಿಕೊಂಡಿತ್ತು. ರಾಟೆ ತಿರುಗಿದಂತೆಲ್ಲ ಆ ಅಂಚುಗಳು ಹಗ್ಗದ ಪಕ್ಕೆಗಳನ್ನು ಹೆರೆಯುತ್ತಿದ್ದವು. ಹಗ್ಗ ದಪ್ಪವಾದಷ್ಟೂ ಹೆರೆಯುವುದು ಹೆಚ್ಚು.

ಅವನು ಹಗ್ಗದವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದುಕೊಂಡ. ಕಲ್ಲನ್ನು ಇಳಿಸಲು ಕೂಗಿ ಹೇಳಿದ.

ರಾಟೆಯನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ತೋಡಿನೊಳಗೆ ಬೆರಳಾಡಿಸಿದ. ಮೇಲುಗಡೆ ತಂದೆ ಅಗಲವಾಗಿ ಕೆತ್ತಿದ ಗುರುತು ಇನ್ನೂ ಇತ್ತು. ಅದರ ಒಳಗೆ ಇನ್ನೊಂದು ತೋಡು, ಆಳವಾದದ್ದು, ಇಕ್ಕಟ್ಟಾದದ್ದು. ಅದನ್ನು ಯಾರೂ ಕೆತ್ತಿರಲಿಲ್ಲ. ತಂದೆಯ ಸಣ್ಣ ಹಗ್ಗ ವರ್ಷಗಟ್ಟಲೆ ಓಡಿ, ಮರವನ್ನು ತಿಂದು, ತನಗೆ ಬೇಕಾದಷ್ಟೇ ಜಾಗ ಮಾಡಿಕೊಂಡಿತ್ತು. ಬೇರೆ ಹಗ್ಗಕ್ಕೆ ಅಲ್ಲಿ ಜಾಗವಿರಲಿಲ್ಲ. ಅಪ್ಪನ ಕೈಕೆಲಸವೆಂದು ತಾನು ಇಷ್ಟು ಕಾಲ ಕುಂಕುಮ ಹಚ್ಚಿದ್ದು ಒಂದು ಸವಕಲಿಗೆ ಎಂದು ಮೇಸ್ತ್ರಿಗೆ ತಿಳಿಯಿತು. ನಾಚಿಕೆಯಾಯಿತು. ಜಜ್ಜಿಹೋದ ಪಾದದ ಆಳು ಅಲ್ಲೇ ಕೋಲೂರಿಕೊಂಡು ನಿಂತಿದ್ದ.

ಮೇಸ್ತ್ರಿ ಉಳಿ ಎತ್ತಿಕೊಂಡ. ಆಳುಗಳು ಮುಖ ಮುಖ ನೋಡಿಕೊಂಡರು. ತುಸು ಕೆತ್ತುವುದು, ಹಗ್ಗವನ್ನು ಕೂರಿಸಿ ನೋಡುವುದು, ಮತ್ತೆ ಕೆತ್ತುವುದು. ಇಕ್ಕಟ್ಟಾದರೆ ಹಗ್ಗ ಹೆರೆದುಹೋಗುತ್ತದೆ. ತೀರ ಅಗಲವಾದರೆ ಭಾರಕ್ಕೆ ಚಪ್ಪಟೆಯಾಗಿ ಸಾಯುತ್ತದೆ. ಹಗ್ಗದ ಹೊಟ್ಟೆ ತಳಕ್ಕೆ ಒರಗಿರಬೇಕು, ಪಕ್ಕೆಗಳನ್ನು ಯಾರೂ ಒತ್ತಬಾರದು. ಕತ್ತಲಾಗುವ ಮುಂಚೆ ಕೆಲಸ ಮುಗಿಯಿತು.

ಮರುದಿನ ಇಬ್ಬರೂ ಕಲ್ಲಿನ ಕೆಳಗೆ ನಿಂತರು. ಕಲ್ಲು ಏರಿತು. ಮೇಲಿನಿಂದ ಏನೂ ಉದುರಲಿಲ್ಲ. ಕಲ್ಲು ಅಗಸೆಯ ಮೇಲೆ ಕೂತಿತು. ಅಂದೂ ಬಂದು ಕೂತಿದ್ದ ಹಗ್ಗದವನ ಹೆಂಡತಿ ಎದ್ದು, ಒಲೆ ಹಚ್ಚಲು ಹೊತ್ತಾಯಿತೆಂದು ಗೊಣಗಿಕೊಂಡು ಮನೆಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಕತೆ ಅರ್ಥವಾಯಿತು. ಅರ್ಥವಾದದ್ದು ಹಿಡಿಸಲಿಲ್ಲ.

"ಗುರುಗಳೇ, ನಾನೂ ಒಂದು ದಿನ ಇಲ್ಲಿಗೆ ಹೊಸಬನಾಗಿಯೇ ಬಂದೆ. ಇದೇ ಮಠ, ಇದೇ ಪಾಠ. ಬಾಯಿಗೆ ಬರುವ ತನಕ ಪ್ರಶ್ನೆ ಕೇಳಬಾರದೆಂಬ ಇದೇ ಕಟ್ಟಳೆ. ನಾನು ಹರಿದುಹೋಗಲಿಲ್ಲವಲ್ಲ?"

ಗುರುಗಳು ಹೇಳಿದರು: "ಆ ಕಟ್ಟಳೆಯನ್ನು ನಾನು ಮಾಡಿದ್ದೇ ನಿನಗಾಗಿ, ಚನ್ನವೀರ, ಕೇಳದೆಯೂ ನೀನು ಕಲಿಯಲೆಂದು. ಪ್ರಶ್ನೆ ಕೇಳಲು ನೀನು ಹೆದರುತ್ತಿದ್ದೆ."