ಬೊಮ್ಮಯ್ಯ ಕಡಲ ಬದಿ ಸೈಕಲ್ ತುಳಿದದ್ದು

ಬೇಲೆಕೇರಿಯ ಸಣ್ಣಮ್ಮನಿಗೆ ಒಬ್ಬನೇ ಮಗ, ಬೊಮ್ಮಯ್ಯ. ಆಳು ನೋಡಿದರೆ ತೆಂಗಿನ ಮರ. ಬುದ್ಧಿ ಮಾತ್ರ ಹೇಳಿದಷ್ಟೇ, ಅದಕ್ಕಿಂತ ಒಂದು ಗೇಣು ಆಚೆಗಿಲ್ಲ. ‘ಬಾಗಿಲು ನೋಡ್ಕೋ’ ಅಂದರೆ ಸಂಜೆ ತನಕ ಬಾಗಿಲನ್ನೇ ನೋಡುತ್ತ ಕೂತಿದ್ದ. ಹಿತ್ತಲಿಂದ ದನ ನುಗ್ಗಿ ಬಸಳೆ ಚಪ್ಪರವನ್ನೆಲ್ಲ ಮೇದು ಹೋಯಿತು.

“ನಾ ಕಣ್ಣು ಮುಚ್ಚಿದ್ಮೇಲೆ ಇವನಿಗೆ ಗಂಜಿ ಹಾಕೋರು ಯಾರೋ ದೇವ್ರೇ!” ಅಂತ ಸಣ್ಣಮ್ಮ ಹಣೆ ಹಣೆ ಬಡಿದುಕೊಂಡಳು.

ಆದರೆ ಸೈಕಲ್ ತುಳಿಯುವುದರಲ್ಲಿ ಬೊಮ್ಮಯ್ಯನನ್ನು ಮೀರಿಸುವವರು ಆ ಸೀಮೆಯಲ್ಲಿರಲಿಲ್ಲ. ಅಂಕೋಲೆಯಲ್ಲಿ ವಿಠೋಬಣ್ಣನ ಸೈಕಲ್ ಅಂಗಡಿ. ಪರವೂರಿನವರು ಬಂದು ಅವನ ಸೈಕಲ್ ಬಾಡಿಗೆಗೆ ಹಿಡಿದು ಕಡಲ ಬದಿಯ ದಾರಿ ಹಿಡಿಯುತ್ತಿದ್ದರು. ಗಂಗಾವಳಿ ದಾಟಿದರೆ ಗೋಕರ್ಣ, ತದಡಿಯಲ್ಲಿ ಹೊಳೆ ದಾಟಿದರೆ ಕುಮಟೆ, ಆಮೇಲೆ ಹೊನ್ನಾವರದ ಹಳೇ ಬಂದರು. ಒಂದು ಬದಿ ಸಮುದ್ರ, ಒಂದು ಬದಿ ಗುಡ್ಡ. ದಾರಿ ತೋರಿಸಲು ಒಂದು ಜನ ಬೇಕಿತ್ತು. ಸಣ್ಣಮ್ಮ ಹೋಗಿ ಕೈ ಮುಗಿದಳು.

“ಆಯ್ತು ಸಣ್ಣಮ್ಮಕ್ಕ, ಕಳ್ಸು,” ಅಂದ ವಿಠೋಬಣ್ಣ. “ಬೊಮ್ಮಯ್ಯಾ, ಕೆಲಸ ಸುಲಭ. ನೀ ಮುಂದೆ ಹೋಗ್ತಾ ಇರು, ಅವ್ರು ಹಿಂದೆ ಬರ್ತಾರೆ.”

ಬೊಮ್ಮಯ್ಯ ಮುಂದೆ ಹೋದ. ಬಂದವರ ಸೈಕಲ್ ಮೊದಲ ತಿರುವಿನಲ್ಲೇ ಪಂಚರ್. ಇವನು ಹೋದ. ಗೋಕರ್ಣ ಬಂತು, ಹೋದ. ಕುಮಟೆ ಬಂತು, ಹೋದ. ಹೊನ್ನಾವರ ಬಂತು, ಹೋದ! ಕಡೆಗೆ ಭಟ್ಕಳದಿಂದ ಒಂದು ಮೀನಿನ ಲಾರಿಯವರು ಅವನನ್ನೂ ಸೈಕಲ್ಲನ್ನೂ ಹೇರಿಕೊಂಡು ತಂದು ಇಳಿಸಿದರು.

“ಹೋಗ್ತಾ ಇರು ಅಂದ್ರು. ನಿಲ್ಲು ಅಂತ ಯಾರೂ ಹೇಳ್ಲಿಲ್ಲ ಅವ್ವಿ!”

“ಅಯ್ಯೋ ಪೆದ್ದೇ! ಅವ್ರ ಜೊತೆಗೇ ಇರ್ಬೇಕು. ನಿಂತ್ರೆ ನಿಲ್ಲು, ಕೂತ್ರೆ ಕೂರು. ಅವ್ರು ಎಂತ ಮಾಡ್ತಾರೋ ಅದನ್ನೇ ಮಾಡು!”

“ಹೂಂ ಅವ್ವಿ, ಇನ್ನು ಹಾಗೇ ಮಾಡ್ತೆ.”

ಮುಂದಿನ ಸಲ ಬಂದವರು ಧಾರವಾಡದ ಗಂಡ ಹೆಂಡತಿ. ಅವರು ನಿಂತರು, ಇವನೂ ನಿಂತ. ಅವರು ಎಳನೀರು ಕುಡಿದರು, ಇವನೂ ಕುಡಿದ. ಎಲ್ಲ ಚಂದವೇ ಇತ್ತು. ಗಂಗಾವಳಿಯ ಇಳುಕಲಿನಲ್ಲಿ ಗಂಡನ ಸೈಕಲ್ ಜಾರಿತು. ಮನುಷ್ಯ ಗದ್ದೆಯ ಕೆಸರಿಗೆ ದೊಪ್ಪೆಂದು ಬಿದ್ದ. ಬೊಮ್ಮಯ್ಯ ಅವನು ಬಿದ್ದ ಜಾಗ ಸರಿಯಾಗಿ ನೋಡಿಕೊಂಡು ಪಕ್ಕದಲ್ಲೇ ತಾನೂ ದೊಪ್ಪೆಂದು ಬಿದ್ದ.

“ಅಯ್ಯಯ್ಯ, ಯಾರರ ಎಬ್ಬಸ್ರೀ!” ಅಂತ ಹೆಂಡತಿ ಕೂಗಿದಳು.

“ಅಯ್ಯಯ್ಯ, ಯಾರರ ಎಬ್ಬಸ್ರೀ!” ಅಂತ ಕೆಸರಿನಿಂದ ಬೊಮ್ಮಯ್ಯನೂ ಕೂಗಿದ.

“ಅಯ್ಯೋ ಪೆದ್ದೇ!” ಅಂದಳು ಸಣ್ಣಮ್ಮ. “ಬಿದ್ದೋರನ್ನ ಕಂಡ್ರೆ ಎತ್ಬೇಕು! ಹೆಗಲ ಮೇಲೆ ಹಾಕ್ಕೊಂಡು ಸೀದಾ ಆಸ್ಪತ್ರೆಗೆ ಓಡ್ಬೇಕು!”

“ಹೂಂ ಅವ್ವಿ, ಇನ್ನು ಹಾಗೇ ಮಾಡ್ತೆ.”

ಆಮೇಲೆ ಮೈಸೂರಿನ ಒಬ್ಬ ಯಜಮಾನರು ಬಂದರು. ಗೋಕರ್ಣದ ದಂಡೆ ಮುಟ್ಟಿದವರೇ ಮರಳಿನ ಮೇಲೆ ಕೈಕಾಲು ಚಾಚಿ, ಕಣ್ಣು ಮುಚ್ಚಿ ಅಂಗಾತ ಮಲಗಿದರು. ಬೊಮ್ಮಯ್ಯ ಕಂಡ. ಎತ್ತಿದ. ಹೆಗಲಿಗೆ ಹಾಕಿಕೊಂಡ. ಓಡಿದ!

“ಏಯ್, ಇಳಿಸಯ್ಯಾ! ಶವಾಸನ ಕಣಯ್ಯಾ ಅದು!”

“ಶವ ಅಂತ ನೀವೇ ಹೇಳ್ತ್ರಿ, ಮತ್ತೆ ಬಿಟ್ಟು ಹೋಗೂಕಾಗ್ತದಾ?”

“ಅಯ್ಯೋ ಪೆದ್ದೇ!” ಅಂದಳು ಮನೆಯಲ್ಲಿ ಸಣ್ಣಮ್ಮ. “ಮಲಗಿದೋರನ್ನ ಯಾರಾದ್ರೂ ಹೊತ್ಕೊಂಡು ಓಡ್ತಾರಾ? ಮೇಲೆ ಒಂದು ಪಂಚೆ ಹೊದೆಸಿ, ಸದ್ದು ಮಾಡ್ದೆ ಪಕ್ಕದಲ್ಲಿ ಕೂರ್ಬೇಕು!”

ಅದೂ ಆಯಿತು. ತದಡಿಯಲ್ಲಿ ದೋಣಿ ಕಾಯುತ್ತ ಒಬ್ಬ ಪರವೂರಿನವ ಮರದಡಿ ನಿದ್ದೆ ಹೋದ. ಬೊಮ್ಮಯ್ಯ ತಲೆಯಿಂದ ಕಾಲಿನ ತನಕ ಬಿಳೀ ಪಂಚೆ ಹೊದೆಸಿ, ತಲೆ ತಗ್ಗಿಸಿ ಪಕ್ಕದಲ್ಲಿ ಕೂತ. ಮೀನು ಮಾರುವ ಹೆಂಗಸೊಬ್ಬಳು ಬಂದು, “ಯಾರು ಹೋದ್ರೋ ಬೊಮ್ಮಯ್ಯಾ?” ಅಂದಳು. ಅವನು ತುಟಿಗೆ ಬೆರಳಿಟ್ಟ. ಅವಳು ಬುಟ್ಟಿ ಇಳಿಸಿ ಅಳಲು ಶುರುಮಾಡಿದಳು. ಅವಳನ್ನು ನೋಡಿ ಉಳಿದ ಮೀನಿನ ಹೆಂಗಸರೂ ಅತ್ತರು. ಯಾರೋ ತಲೆಯ ಹತ್ತಿರ ಊದಿನಕಡ್ಡಿ ಹಚ್ಚಿದರು. ಹೊಗೆ ಮೂಗಿಗೆ ಹೋಗಿ, ಒಳಗಿದ್ದವ ‘ಆಕ್ಷೀ!’ ಅಂತ ಎದ್ದು ಕೂತ. ಹೆಂಗಸರು ಬುಟ್ಟಿ ಬಿಟ್ಟು ಓಡಿದರು. ಆವತ್ತು ತದಡಿಯ ಕಾಗೆಗಳಿಗೆ ಹಬ್ಬದೂಟ.

“ಇನ್ನೊಂದೇ ಸಲ ನೋಡ್ತೆ ಸಣ್ಣಮ್ಮಕ್ಕ,” ಅಂದ ವಿಠೋಬಣ್ಣ. “ಇದೂ ಕೆಟ್ರೆ ನಿನ್ನ ಮಗ ನಿನ್ನ ಮನೇಲಿ.”

ಅನ್ನ ಬಡಿಸುತ್ತ ಸಣ್ಣಮ್ಮ ಅತ್ತಳು. ಬೊಮ್ಮಯ್ಯ ತಾಟು ಬದಿಗೆ ಸರಿಸಿದ.

“ಅಳ್ಬೇಡ ಅವ್ವಿ. ಸಮಾ ಹೇಳು, ಸಮಾ ಮಾಡ್ತೆ.”

“ತಮಾ, ಯಾರನ್ನೂ ಮುಟ್ಬೇಡ. ಯಾರಿಗೂ ಏನೂ ಹೊದೆಸ್ಬೇಡ. ಸೈಕಲ್ ಹತ್ತಿದೋನು ಇಳೀಬೇಡ, ತುಳೀತಾ ಇರು. ಹಿಂದೆ ಎಲ್ಲಾ ಬರ್ತಿದಾರಾ ನೋಡ್ತಾ ಇರು. ಹೋಗಿ ಮುಟ್ಟೋ ಜಾಗ ಬಂದ ಕೂಡ್ಲೇ ಬ್ರೇಕ್ ಹಿಡಿ. ತದಡಿಯಲ್ಲಿ ನಾನೂ ಬಂದು ನಿಂತಿರ್ತೆ.”

ಮುಂದಿನ ಸವಾರಿಯಲ್ಲಿ ತದಡಿಯ ತನಕ ಒಂದೂ ತಪ್ಪಿಲ್ಲ. ಕಾದು ನಿಂತಿದ್ದ ಸಣ್ಣಮ್ಮನ ಎದೆ ಹಗುರಾಯಿತು. ಬಂದವರೆಲ್ಲ ಸೈಕಲ್ ಇಳಿದು ದೋಣಿ ಹತ್ತಿದರು, ಅವಳೂ ಹತ್ತಿದಳು. ಬೊಮ್ಮಯ್ಯ ಸೈಕಲ್ ಮೇಲೆ ಕೂತೇ ಹಲಗೆ ಹತ್ತಿ ದೋಣಿಗೆ ಬಂದ!

“ಇಳಿಯೋ ಮಾರಾಯಾ!” ಅಂದ ದೋಣಿಯವ.

“ಅವ್ವಿ ಬೇಡ ಅಂದಿದಾಳೆ.”

ಮತ್ತೇನು ಮಾಡುವುದು? ಅವನು ಕೂತ ಹಾಗೇ ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಹಾಕಿದರು. ದೋಣಿ ಹೊರಟಿತು. ಬೊಮ್ಮಯ್ಯ ತುಳಿದ. ಚಕ್ರ ಗರಗರ, ಬೆಲ್ಲು ಟ್ರಿಣ್ ಟ್ರಿಣ್! ನಡುಹೊಳೆಯಲ್ಲಿ ದೋಣಿಯ ಎಂಜಿನ್ ಕೆಮ್ಮಿ ನಿಂತೇಹೋಯಿತು. ಜನ ಕಿರುಚಿದರು. ಬೊಮ್ಮಯ್ಯ ಹಿಂದೆ ತಿರುಗಿ ನೋಡಿದ. ಎಲ್ಲರೂ ಇದ್ದರು. ಇನ್ನೂ ಜೋರಾಗಿ ತುಳಿದ. ಗಾಳಿ, ನೀರಿನ ಸೆಳೆತ ಎರಡೂ ಸೇರಿ ದೋಣಿಯನ್ನು ಮೆಲ್ಲಗೆ ಆಚೆ ದಡಕ್ಕೆ ತಳ್ಳಿದವು. ಬೊಮ್ಮಯ್ಯ ಗಬಕ್ಕನೆ ಬ್ರೇಕ್ ಹಿಡಿದ. ಅದೇ ಗಳಿಗೆಗೆ ದೋಣಿ ಮರಳಿಗೆ ತಾಗಿ ನಿಂತಿತು!

“ಕಂಡ್ಯಾ ಅವ್ವಿ, ನೀರಲ್ಲೂ ಬ್ರೇಕ್ ಎಷ್ಟು ಚಲೋ ಹಿಡೀತದೆ!”

ಸಣ್ಣಮ್ಮ ಬೈಯಲು ಹೊರಟವಳು, ಹೊಟ್ಟೆ ಹಿಡಿದುಕೊಂಡು ಮರಳ ಮೇಲೆ ಕೂತು ನಕ್ಕೇ ನಕ್ಕಳು. ದೋಣಿಯವ ತಲೆ ಮೇಲೆ ಕೈ ಹೊತ್ತು, “ಎಂಜಿನ್ ಸತ್ತೇಹೋಯ್ತು, ಇನ್ನು ವಾಪಸ್ಸು ಹೆಂಗೆ?” ಅಂತ ಗೋಳಾಡಿದ.

“ಅದಕ್ಕೆಂತಾ?” ಬೊಮ್ಮಯ್ಯ ಇಳಿದು, ಸೈಕಲ್ ಎತ್ತಿ, ಮುಂದಿನ ಚಕ್ರವನ್ನು ತದಡಿಯ ಕಡೆಗೆ ತಿರುಗಿಸಿ ಇಟ್ಟ. ಮತ್ತೆ ಹತ್ತಿ ಕೂತು ಬೆಲ್ಲು ಬಾರಿಸಿದ.

“ಹತ್ತಿ, ಹತ್ತಿ! ತದಡಿಗೆ ಹೋಗೋರು ಬೇಗ ಹತ್ತಿ!”

ದಡದಲ್ಲಿ ಕಾಯುತ್ತಿದ್ದವರು ಹತ್ತಿ ಕೂತೇಬಿಟ್ಟರು.