ಬಾಲಣ್ಣ ಕಿತ್ತ ಎಲೆಗಳು

ಪುಟಾಣಿಗಳೇ, ಹೊಳೆಯ ನಡುಗಡ್ಡೆಗಳಲ್ಲಿ ಒಂದು ಪಕ್ಷಿಧಾಮವಿತ್ತು. ಅಲ್ಲಿ ದೋಣಿ ನಡೆಸುತ್ತಿದ್ದವಳು ನೀರುನಾಯಿ ಗೌರಕ್ಕ. ಒಂದು ಬೆಳಗ್ಗೆ ಅವಳ ದೋಣಿ ಹತ್ತಿದವನು ಮುಸುವ ಬಾಲಣ್ಣ. ಕಪ್ಪು ಮೋರೆ, ಉದ್ದ ಬಾಲ, ಕೊರಳಲ್ಲಿ ಹೊಚ್ಚಹೊಸ ಕ್ಯಾಮೆರಾ.

ಬಾಲಣ್ಣನಿಗೆ ಹಕ್ಕಿಗಳ ಫೋಟೊ ತೆಗೆಯುವ ಆಸೆ ಬೆಟ್ಟದಷ್ಟಿತ್ತು, ತಾಳ್ಮೆ ಸಾಸಿವೆಯಷ್ಟೂ ಇರಲಿಲ್ಲ. ಬೆಳ್ಳಕ್ಕಿಗೆ ಗುರಿಯಿಟ್ಟ, ಬರೀ ನೀರು ಬಂತು. ಮಿಂಚುಳ್ಳಿಗೆ ಗುರಿಯಿಟ್ಟ, ಗೌರಕ್ಕನ ಮೀಸೆ ಬಂತು. ಅವನಿಗೆ ಅಳುವೇ ಬಂದಂತಾಯಿತು.

ಪಾಪ ಅನ್ನಿಸಿ ಗೌರಕ್ಕ ದೋಣಿಯನ್ನು ಒಂದು ಪೊದೆಯ ಹತ್ತಿರ ನಿಲ್ಲಿಸಿದಳು. ಅದರೊಳಗೆ ಪಿಕಳಾರ ಚೆನ್ನಮ್ಮನ ಗೂಡಿತ್ತು. ಅವಳ ಗಂಡ ಹೋದ ವಾರ ಬಿರುಗಾಳಿಗೆ ಸಿಕ್ಕಿ ತೀರಿಕೊಂಡಿದ್ದ. ಮೂರು ಮರಿಗಳನ್ನು ಅವಳೊಬ್ಬಳೇ ಸಾಕುತ್ತಿದ್ದಳು. ಈಗ ಹುಳ ಹುಡುಕಲು ಹೋಗಿದ್ದಳು.

"ಇಲ್ಲಿಂದ ಕಂಡಷ್ಟು ತೆಗಿ ಬಾಲಣ್ಣ. ದೋಣಿ ಮಾತ್ರ ಇಳೀಬೇಡ" ಎಂದಳು ಗೌರಕ್ಕ.

ಕಂಡದ್ದು ಬರೀ ಎಲೆ. ಗೌರಕ್ಕ ಹಗ್ಗ ಕಟ್ಟಲು ಆಚೆ ತಿರುಗಿದ್ದೇ ತಡ, ಬಾಲಣ್ಣ ಪೊದೆಗೆ ಹಾರಿದ. ಗೂಡಿಗೆ ಅಡ್ಡ ಬಂದ ಎಲೆಗಳನ್ನು ಒಂದೊಂದಾಗಿ ಕಿತ್ತ. ಮುಸುವನಲ್ಲವೇ, ಕಿತ್ತದ್ದನ್ನೆಲ್ಲ ಬಾಯಿಗೇ ಹಾಕಿಕೊಂಡ. ಗೂಡಿನೊಳಗೆ ಬಿಸಿಲು ಬಿತ್ತು. ಅಮ್ಮನೇ ಬಂದಳೆಂದು ಮೂರೂ ಮರಿಗಳು ಬಾಯಿ ತೆರೆದವು. ಕ್ಲಿಕ್!

ಎಂಥ ಚಂದದ ಫೋಟೊ! ಬಾಲಣ್ಣ ಅದನ್ನು ದೊಡ್ಡದು ಮಾಡಿ ನೋಡಿದ, ಚಿಕ್ಕದು ಮಾಡಿ ನೋಡಿದ, ಮೈಮರೆತ. ಪಕ್ಕದಲ್ಲಿ ಏನೋ ಪಟಪಟ ಎಂದಿತು. ತಲೆಯೆತ್ತಿದ. ಫೋಟೊದಲ್ಲಿ ಮೂರು ಮರಿಗಳಿದ್ದವು, ಗೂಡಿನಲ್ಲಿ ಎರಡೇ ಇದ್ದವು.

ಎದುರಿನ ಕೊಂಬೆಯ ಮೇಲೆ ಕೆಂಬೂತ ಕೊಕ್ಕು ಒರೆಸಿಕೊಳ್ಳುತ್ತಿತ್ತು.

"ಬಹಳ ಉಪಕಾರವಾಯ್ತು ಬಾಲಣ್ಣ. ನಾಲ್ಕು ದಿನದಿಂದ ಹುಡುಕ್ತಿದ್ದೆ, ಎಲೆ ಮರೇಲಿ ಕಾಣ್ತಾನೇ ಇರಲಿಲ್ಲ."

ಬಾಲಣ್ಣನಿಗೆ ಬಾಯಲ್ಲಿದ್ದ ಎಲೆ ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಹಲ್ಲು ಕಿರಿದು ಹೆದರಿಸಿದ. ಕೆಂಬೂತ ಒಂದು ಕೊಂಬೆ ಹಿಂದೆ ಸರಿಯಿತು, ಅಷ್ಟೇ.

"ನೀನು ಹೋಗೋವರೆಗೂ ಕಾಯ್ತೀನಿ. ನನಗೆ ಕಾಯೋದು ಗೊತ್ತು" ಎಂದಿತು.

ಅಷ್ಟರಲ್ಲಿ ಚೆನ್ನಮ್ಮ ಹುಳ ಕಚ್ಚಿಕೊಂಡು ಬಂದಳು. ಗೂಡಿನ ಪಕ್ಕ ಮುಸುವ ಕೂತದ್ದು ಕಂಡು ಇಳಿಯಲಾರದೆ ಸುತ್ತುತ್ತಲೇ ಇದ್ದಳು. ಹಗ್ಗ ಕಟ್ಟಿ ಈಚೆ ತಿರುಗಿದ ಗೌರಕ್ಕ ಇದನ್ನು ಕಂಡು ಬಾಲಣ್ಣನನ್ನು ದೋಣಿಗೆ ಬಾ ಎಂದು ಕರೆದಳು. ಅಲ್ಲೇ ಕೂತು ಕಾವಲು ಕಾಯುತ್ತೇನೆ ಎಂದು ಅವನು ಅಂಗಲಾಚಿದ. ಅವನು ಅಲ್ಲಿರುವಷ್ಟು ಹೊತ್ತೂ ತಾಯಿ ಗೂಡಿಗೆ ಇಳಿಯುವುದಿಲ್ಲ ಎಂದು ಗೌರಕ್ಕ ಹೇಳಿದ ಮೇಲೆ ದೋಣಿಗೆ ಇಳಿದ.

ಚೆನ್ನಮ್ಮ ಗೂಡಿಗೆ ಬಂದು ಹುಳವನ್ನು ಒಂದು ಮರಿಯ ಬಾಯಿಗಿಟ್ಟಳು. ಇನ್ನೊಂದು ಬಾಯಿ ತೆರೆದೇ ಇತ್ತು. ಅವಳು ಎರಡರ ಮೇಲೂ ರೆಕ್ಕೆ ಹರಡಿ ಕೂತಳು. ಬಾಲಣ್ಣನ ಕಡೆ ತಿರುಗಿದಳು. ಅವಳು ಬೈಯಲಿಲ್ಲ.

"ಈಗ ನಾನು ಹುಳ ತರೋಕೆ ಹೋಗ್ಲಾ, ಇಲ್ಲೇ ಕೂತು ಮಕ್ಕಳನ್ನ ಕಾಯ್ಲಾ? ನೀನೇ ಹೇಳಪ್ಪ" ಎಂದಳು.



ನೀತಿ: ನಮ್ಮ ಕಣ್ಣಿಗೆ ಅಡ್ಡವಾಗಿ ಕಂಡದ್ದು ಇನ್ನೊಬ್ಬರ ಜೀವಕ್ಕೆ ಮರೆಯಾಗಿರಬಹುದು, ತಿಳಿಯದೆ ಅದನ್ನು ಕೀಳಬಾರದು.