ಮೀನು ಬಂದ ವರ್ಷ

"ಗುರುಗಳೇ, ಜನ ಒಬ್ಬರಿಗೊಬ್ಬರು ಕೇಡು ಮಾಡುವುದು ನಿಜ ತಿಳಿಯದೆ ತಾನೆ? ತಿಳಿದವನೊಬ್ಬ ಹೋಗಿ ಬಿಡಿಸಿ ಹೇಳಿದರೆ ಕೇಡು ನಿಲ್ಲುವುದಿಲ್ಲವೆ?"

ಓದು ಮುಗಿಸಿ ಮರುದಿನ ಮಠ ಬಿಟ್ಟು ಹೊರಡಲಿದ್ದ ಶಿಷ್ಯ ಹೀಗೆ ಕೇಳಿದ. ಊರೂರು ತಿರುಗಿ ಜನರಿಗೆ ತಿಳಿವಳಿಕೆ ಹೇಳಬೇಕೆಂದು ಅವನು ನಿಶ್ಚಯಿಸಿದ್ದ. ಗುರು ಕುಳಿತುಕೊಳ್ಳುವಂತೆ ಸನ್ನೆ ಮಾಡಿ ಈ ಕತೆ ಹೇಳಿದರು.

ಪಡುವಣ ಕಡಲ ತೀರದಲ್ಲಿ ಮೀನುಗಾರರ ಒಂದು ಕೇರಿ ಇತ್ತು. ಕೇರಿಯ ನ್ಯಾಯ ತೀರ್ಮಾನ ನೋಡಿಕೊಳ್ಳುವ ಹಿರಿಯನನ್ನು ಅಲ್ಲಿಯವರು ಗುರಿಕಾರ ಎನ್ನುತ್ತಿದ್ದರು. ಆ ಕಾಲದ ಗುರಿಕಾರ ಒಳ್ಳೆಯವನು. ಮೀನು ಪಾಲು ಮಾಡುವಾಗ ತನ್ನ ಬುಟ್ಟಿಯನ್ನು ಎಲ್ಲರ ಬುಟ್ಟಿ ತುಂಬಿದ ಮೇಲೆ ಇಡುತ್ತಿದ್ದ. ಅವನ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಅವನಿಗೆ ಒಬ್ಬಳೇ ತಂಗಿ. ಹೆಸರು ಅಪ್ಪಿ. ಆ ಸೀಮೆಯಲ್ಲಿ ಮನೆತನ ನಡೆಯುವುದು ಹೆಣ್ಣಿನಿಂದ. ಮನೆ ತಂಗಿಯದು, ಅಣ್ಣ ಅದರ ಯಜಮಾನ.

ಒಂದು ಮಳೆಗಾಲದ ಕೊನೆಯಲ್ಲಿ ದೋಣಿ ಇಳಿಸಿಕೊಂಡು ಹೋದ ಅಪ್ಪಿಯ ಗಂಡ ಹಿಂದಿರುಗಲಿಲ್ಲ. ದೋಣಿಯ ಹಲಗೆ ದಡಕ್ಕೆ ಬಂತು, ಅವನು ಬರಲಿಲ್ಲ. ಅಪ್ಪಿ ದಡಕ್ಕೆ ಓಡಿದಳು. ಒದ್ದೆ ಮರಳನ್ನು ಬಾಚಿ ಬಾಚಿ ತೆರೆಗಳ ಮೇಲೆ ಎಸೆದಳು.

"ನನ್ನ ಮನೆ ಬರಿದು ಮಾಡಿದೆಯಲ್ಲ, ನಿನ್ನ ಹೊಟ್ಟೆಯೂ ಬರಿದಾಗಲಿ!" ಎಂದು ಕೂಗಿದಳು.

ಬಲೆ ಎಳೆಯುತ್ತಿದ್ದವರೆಲ್ಲ ಕೇಳಿಸಿಕೊಂಡರು. ಯಾರೂ ತಪ್ಪೆಣಿಸಲಿಲ್ಲ. ಆ ಕೇರಿಯಲ್ಲಿ ಕಡಲಿಗೆ ಬೈಯದ ವಿಧವೆ ಇರಲಿಲ್ಲ.

ಮರುವರ್ಷ ಕಡಲ ನೀರು ಬೆಚ್ಚಗಾಯಿತು. ಮೊದಮೊದಲು ಅದು ಕಾಲಿಗೆ ಹಿತವೆನಿಸಿತು. ಆಮೇಲೆ ಬೂತಾಯಿ ಮೀನು ಬರಲಿಲ್ಲ. ಬಂಗುಡೆಯೂ ಬರಲಿಲ್ಲ. ಕೇರಿಯೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆಯಲ್ಲಿ ಲೋಳೆ ಬಂತು, ಕಸ ಬಂತು. ಮಳೆ ಶುರುವಾದಂತೆ ಮಾಡಿ ನಿಂತುಹೋಯಿತು. ಒಳನಾಡಿನ ಗದ್ದೆಗಳೂ ಒಣಗಿದವು. ಮೀನು ಕೊಂಡು ಅಕ್ಕಿ ಕೊಡುತ್ತಿದ್ದವರು ಕೇರಿಯ ಕಡೆ ಬರುವುದನ್ನೇ ಬಿಟ್ಟರು. ಬಾವಿಗಳಿಗೆ ಉಪ್ಪುನೀರು ನುಗ್ಗಿತು. ಅದನ್ನೇ ಕುಡಿದ ಮಕ್ಕಳಿಗೆ ಭೇದಿ ಹಿಡಿಯಿತು. ಸಣ್ಣವರು ಮೊದಲು ಸತ್ತರು. ಮುಂದಿನ ವರ್ಷವೂ ನೀರು ತಣಿಯಲಿಲ್ಲ.

ಅಪ್ಪಿಯ ಮಾತು ಮೊದಲು ಯಾರಿಗೆ ನೆನಪಾಯಿತೋ ಗೊತ್ತಿಲ್ಲ. ಒಬ್ಬರಿಗೆ ನೆನಪಾದ ಮೇಲೆ ಎಲ್ಲರಿಗೂ ನೆನಪಾಯಿತು. ಗಂಡಸರು ಗುರಿಕಾರನ ಬಳಿಗೆ ಬಂದು, ಶಾಪ ಹಾಕಿದವಳು ಕೇರಿಯಲ್ಲಿ ಇರುವತನಕ ಮೀನು ಬರುವುದಿಲ್ಲ ಎಂದರು.

"ಬಾಯಿಮಾತಿಗೆ ಕಡಲು ಬರಿದಾಗುವುದಿದ್ದರೆ ನಮ್ಮ ಅಜ್ಜಂದಿರ ಕಾಲಕ್ಕೇ ಬರಿದಾಗಬೇಕಿತ್ತು. ಹೋಗಿ" ಎಂದು ಗುರಿಕಾರ ಅವರನ್ನು ಕಳುಹಿಸಿದ.

ಕೆಲವು ದಿನಗಳ ನಂತರ ಹೆಂಗಸರು ಬಂದರು. ಮಕ್ಕಳನ್ನು ಮಣ್ಣು ಮಾಡಿದ ತಾಯಂದಿರು. ಅವರು ಅವನ ಅಂಗಳದಲ್ಲಿ ನಿಂತರು. ಅಳಲಿಲ್ಲ, ಮಾತಾಡಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಬಿಸಿಲು ಏರಿತು, ಇಳಿಯಿತು. ಒಬ್ಬಳು ತಲೆ ಸುತ್ತಿ ಬಿದ್ದಳು. ಉಳಿದವರು ಅವಳ ಪಕ್ಕದಲ್ಲಿ ಹಾಗೆಯೇ ನಿಂತರು. ಸಂಜೆಯ ಹೊತ್ತಿಗೆ ಗುರಿಕಾರ ಹೊರಗೆ ಬಂದು, ತಂಗಿಯನ್ನು ಕೇರಿಯಿಂದ ಹೊರಗೆ ಕಳಿಸುತ್ತೇನೆ ಎಂದ.

ನದಿ ಕಡಲು ಸೇರುವ ಕಡೆ ನೀರಿನ ನಡುವೆ ಒಂದು ಕುದ್ರು ಇತ್ತು. ಮುಳ್ಳುಗಿಡ ಬಿಟ್ಟರೆ ಏನೂ ಬೆಳೆಯದ ಮರಳು ದಿಬ್ಬ. ಮರುದಿನ ಬೆಳಿಗ್ಗೆ ಗುರಿಕಾರ ತಂಗಿಯನ್ನು ದೋಣಿಯಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೊರಟ. ಬೇರೆ ಯಾರ ಕೈಗೂ ಹುಟ್ಟು ಕೊಡಲಿಲ್ಲ.

ನಡುನೀರಿನಲ್ಲಿ ಅಪ್ಪಿ ಕೇಳಿದಳು. "ಅಣ್ಣ, ಮನೆಯಲ್ಲಿ ನನ್ನ ಮಾತನ್ನು ಯಾರೂ ಕೇಳುವುದಿಲ್ಲ. ಅಷ್ಟು ದೊಡ್ಡ ಕಡಲು ಕೇಳಿತು ಎನ್ನುತ್ತೀಯಾ?"

"ನಾನು ಹಾಗೆ ಅನ್ನುವುದಿಲ್ಲ, ಅಪ್ಪಿ. ಜನರ ಒಡಲು ಉರಿಯುತ್ತಿದೆ. ಅದು ತಣಿಯುವತನಕ ಇರು. ಮೀನು ಬಂದ ದಿನವೇ ಬಂದು ಕರೆದುಕೊಂಡು ಹೋಗುತ್ತೇನೆ."

ಅಪ್ಪಿ ಅವನ ಮುಖ ನೋಡಿದಳು. "ಮೀನು ಬಂದ ಮೇಲೆ ಹೇಗೆ ಕರೆದುಕೊಂಡು ಹೋಗುತ್ತೀಯಣ್ಣ? ನಾನು ಹೋದದ್ದರಿಂದಲೇ ಬಂತು ಎನ್ನುತ್ತಾರಲ್ಲ."

ಗುರಿಕಾರ ಈ ಮಾತನ್ನು ಯೋಚಿಸಿರಲಿಲ್ಲ. ಅವನು ಜೋರಾಗಿ ಹುಟ್ಟು ಹಾಕಿದ.

ಅವನೇ ಅವಳಿಗೆ ಕುದ್ರುವಿನಲ್ಲಿ ಗುಡಿಸಲು ಕಟ್ಟಿಕೊಟ್ಟ. ಆಗಾಗ ಹೋಗಿ ಕುಡಿಯುವ ನೀರು, ಗಂಜಿಗಾಗುವಷ್ಟು ಅಕ್ಕಿ ಕೊಟ್ಟು ಬರುತ್ತಿದ್ದ. ಮೊದಲು ಇಳಿದು ಅವಳ ಜೊತೆ ಕೂರುತ್ತಿದ್ದ. ಆಮೇಲೆ ದೋಣಿಯಲ್ಲಿ ನಿಂತೇ ಮಾತಾಡಿಸುತ್ತಿದ್ದ. ಕೊನೆಕೊನೆಗೆ ಕೊಡವನ್ನೂ ಗಂಟನ್ನೂ ಮರಳಿನ ಮೇಲೆ ಇಟ್ಟು, ಅವಳು ಗುಡಿಸಲಿನಿಂದ ಬರುವ ಮೊದಲೇ ದೋಣಿ ತಿರುಗಿಸುತ್ತಿದ್ದ.

ಮುಂದಿನ ಮಳೆಗಾಲಕ್ಕೆ ಮೊದಲು ನೀರು ತಣಿಯಿತು. ಮುಂಗಾರು ಹೇಳಿದ ಹೊತ್ತಿಗೆ ಬಂತು. ಹತ್ತಿರದ ನೀರಿನಲ್ಲಿ ಬೂತಾಯಿ ಕಾಣಿಸಿಕೊಂಡಿತು. ಒಂದೆರಡಲ್ಲ, ಮೀನಿನ ಹಿಂಡಿಗೆ ನೀರಿನ ಬಣ್ಣವೇ ಬದಲಾಯಿತು. ಬಲೆ ಎಳೆಯಲು ಕೇರಿಯ ಕೈಗಳು ಸಾಲದೆ ಪಕ್ಕದ ಊರಿನವರನ್ನು ಕರೆದರು. ಹೆಂಗಸರು ಮಳೆಯಲ್ಲಿ ನೆನೆಯುತ್ತ ನಗುತ್ತಿದ್ದರು. ಗುರಿಕಾರನೂ ನಕ್ಕ. ಅಪ್ಪಿ ಹೇಳಿದ ಹಾಗೆಯೇ, ಅವಳು ಹೋದದ್ದರಿಂದ ಮೀನು ಬಂತು ಎಂದು ಎಲ್ಲರೂ ಹೇಳಿದರು.

ಮಳೆ ನಿಲ್ಲಲಿಲ್ಲ. ಘಟ್ಟದ ಮೇಲೆ ಸುರಿದದ್ದೆಲ್ಲ ನದಿಗೆ ಇಳಿಯಿತು. ಕೆಂಪು ನೀರು ಮರಗಳನ್ನು ಹೊತ್ತು ತಂದಿತು. ಕುದ್ರುವಿನ ಅಂಚು ಕರಗತೊಡಗಿದಾಗ ಗುರಿಕಾರ ದೋಣಿ ನೂಕಲು ಹೋದ. ಕೇರಿಯವರು ದೋಣಿಯನ್ನು ಹಿಡಿದು ನಿಂತರು.

"ಅವಳನ್ನು ಕರೆತಂದರೆ ಮೀನು ಹೋಗುತ್ತದೆ. ನಮ್ಮ ಮಕ್ಕಳು ಮತ್ತೆ ಸಾಯಬೇಕೆ?" ಎಂದು ಒಬ್ಬಳು ಕೇಳಿದಳು. ಅಂಗಳದಲ್ಲಿ ತಲೆ ಸುತ್ತಿ ಬಿದ್ದವಳು ಅವಳೇ. ಈಗ ಅವಳು ಬಸುರಿ.

ದೋಣಿ ಹಿಡಿದದ್ದು ಕೆಲವರು ಮಾತ್ರ. ಗುರಿಕಾರ ಬಿಡಿ ಎಂದಿದ್ದರೆ ಬಿಡುತ್ತಿದ್ದರು. ಅವನ ಮಾತು ಅಲ್ಲಿ ನಡೆಯುತ್ತಿತ್ತು. ಅವನು ಅನ್ನಲಿಲ್ಲ. ದಡದ ಅಂಚಿನಲ್ಲಿ ನಿಂತು ಕುದ್ರುವಿನ ಕಡೆ ನೋಡುತ್ತಿದ್ದ. ಮಳೆ ದಟ್ಟವಾಗಿ, ಅಲ್ಲಿ ಏನಿದೆ ಎಂಬುದು ಕಾಣಲಿಲ್ಲ. ನೀರು ಇಳಿದ ಮೇಲೆ ನೋಡಿದರೆ ಗುಡಿಸಲೂ ಇರಲಿಲ್ಲ, ಮುಳ್ಳುಗಿಡವೂ ಇರಲಿಲ್ಲ.

ಗುರಿಕಾರ ಹಲವು ದಿನ ಊಟ ಬಿಟ್ಟ. ಕೇರಿಯವರು ಸರದಿಯ ಮೇಲೆ ಬಂದು ಅವನ ಬಾಯಿಗೆ ಗಂಜಿ ಹಾಕಿದರು. ನಮಗಾಗಿ ಒಡಹುಟ್ಟಿದವಳನ್ನೇ ಕೊಟ್ಟೆ, ನಿನ್ನ ಋಣ ತೀರದು ಎಂದರು. ಕೇಳುತ್ತ ಕೇಳುತ್ತ ಅವನಿಗೂ ಅದು ಹೌದೆನಿಸಿತು. ಅಪ್ಪಿಯೊಬ್ಬಳು ಹೋಗಿ ಕೇರಿ ಉಳಿಯಿತು. ಹಾಗೆ ಅಂದುಕೊಂಡ ದಿನದಿಂದ ಅವನು ಉಣ್ಣತೊಡಗಿದ. ಮಲಗಿದರೆ ನಿದ್ರೆಯೂ ಬರುತ್ತಿತ್ತು. ಅವನ ಗೌರವ ಮೊದಲಿಗಿಂತ ಹೆಚ್ಚಾಯಿತು. ದೂರದ ಕೇರಿಗಳವರೂ ನ್ಯಾಯಕ್ಕೆ ಅವನನ್ನು ಕರೆಯುತ್ತಿದ್ದರು.

ವರ್ಷಗಳು ಕಳೆದು ಗುರಿಕಾರ ಮುದುಕನಾದ. ಆಗ ಕೇರಿಗೆ ಒಬ್ಬ ನಾವಿಕ ಬಂದ. ಅದೇ ಕೇರಿಯಲ್ಲಿ ಹುಟ್ಟಿ, ಹರೆಯದಲ್ಲೇ ಹಡಗು ಹತ್ತಿ ಹೋದವನು. ಇನ್ನು ಉಳಿದ ದಿನಗಳನ್ನು ಹುಟ್ಟಿದಲ್ಲೇ ಕಳೆಯುತ್ತೇನೆ ಎಂದ. ಗುರಿಕಾರ ಅವನಿಗೆ ಜಾಗ ಕೊಟ್ಟು, ಮೊದಲ ದಿನ ತನ್ನ ಮನೆಯಲ್ಲೇ ಊಟಕ್ಕೆ ಕರೆದ. ಉಣ್ಣುವಾಗ ಮೀನು ಬಾರದಿದ್ದ ಆ ವರ್ಷಗಳ ಮಾತು ಬಂತು. ಅಪ್ಪಿಯ ವಿಷಯ ನಾವಿಕನಿಗೆ ಗೊತ್ತಿರಲಿಲ್ಲ.

"ಆ ವರ್ಷಗಳಲ್ಲಿ ನಾನು ಭೂಮಿಯ ಆಚೆ ಬದಿಯಲ್ಲಿದ್ದೆ, ಗುರಿಕಾರರೇ" ಎಂದ ನಾವಿಕ. "ಅಲ್ಲಿ ನಮ್ಮ ಕಡಲಿಗಿಂತ ಎಷ್ಟೋ ಪಾಲು ದೊಡ್ಡದಾದ ಒಂದು ಸಾಗರವಿದೆ. ಕೆಲವು ವರ್ಷಗಳಿಗೊಮ್ಮೆ ಅದರ ನೀರು ತಾನಾಗಿ ತುಸು ಬಿಸಿಯಾಗುತ್ತದೆ, ತಲೆಮಾರಿಗೊಮ್ಮೆ ವಿಪರೀತ ಕಾಯುತ್ತದೆ. ಆಗ ಆ ತೀರದಲ್ಲೂ ಮೀನು ಸಿಗುವುದಿಲ್ಲ. ಮೀನು ತಿನ್ನುವ ಹಕ್ಕಿಗಳು ಹಸಿದು ರಾಶಿರಾಶಿಯಾಗಿ ಮರಳಿನ ಮೇಲೆ ಸತ್ತು ಬೀಳುತ್ತವೆ. ಹನಿ ಮಳೆ ಕಾಣದ ಅಲ್ಲಿಯ ಮರುಭೂಮಿಯಲ್ಲಿ ಪ್ರವಾಹ ಬರುತ್ತದೆ. ಅದೇ ವರ್ಷ ನಮ್ಮಲ್ಲಿ ಗಾಳಿ ಸೋತು ಮಳೆ ಕೈಕೊಡುತ್ತದೆ, ನಮ್ಮ ಕಡಲೂ ಕಾಯುತ್ತದೆ. ಆಮೇಲೆ ಆ ಸಾಗರ ತಣಿಯುತ್ತದೆ. ಆಗ ಅಲ್ಲಿ ಒಣಗುತ್ತದೆ, ಇಲ್ಲಿ ಸುರಿಯುತ್ತದೆ. ಯಾವಾಗ ಎಂಬ ಲೆಕ್ಕ ಅದಕ್ಕಿಲ್ಲ. ಬೇಗ ಬರಬಹುದು, ತಡವಾಗಬಹುದು. ಆದರೆ ಬಿಸಿಯಾದದ್ದು ತಣಿಯದೆ ಇರುವುದಿಲ್ಲ."

ಗುರಿಕಾರ ತುತ್ತನ್ನು ಎಲೆಯ ಮೇಲೆ ಇಟ್ಟ. "ಹಾಗಾದರೆ ನಾವು ಯಾರೂ ಏನೂ ಮಾಡದಿದ್ದರೂ ಮೀನು ಬರುತ್ತಿತ್ತೆ?"

"ಬರುತ್ತಿತ್ತು."

"ಅದೇ ವರ್ಷ?"

"ಅದೇ ವರ್ಷ. ಅಲ್ಲಿಯ ಜನವೂ ಆಗ ಯಾರದೋ ಪಾಪ ಎಂದು ಹುಡುಕುತ್ತಿದ್ದರು. ಪಾಪ ಯಾರದೂ ಅಲ್ಲ, ಗುರಿಕಾರರೇ."

ಗುರಿಕಾರ ಎದ್ದು ಕೈತೊಳೆದ. ಆ ರಾತ್ರಿ ಅವನಿಗೆ ನಿದ್ರೆ ಬರಲಿಲ್ಲ. ಕೆಲವು ದಿನ ಕಳೆದು ತಾನೇ ನಾವಿಕನ ಮನೆಗೆ ಹೋಗಿ, ಈ ಸಂಗತಿಯನ್ನು ಬೇರೆ ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದ.

"ಇನ್ನೂ ಇಲ್ಲ. ಆದರೆ ಬೇಗ ಹೇಳಬೇಕು" ಎಂದ ನಾವಿಕ. "ಇವತ್ತು ನೀರಿಗೆ ಇಳಿದಿದ್ದೆ. ಬೆಚ್ಚಗಾಗುತ್ತಿದೆ. ಈಗ ಸಿಗುವ ಮೀನನ್ನು ಮಾರದೆ ಉಪ್ಪು ಹಾಕಿ ಒಣಗಿಸಿ ಇಡಬೇಕು. ಸಿಹಿನೀರಿಗೆ ಕಡಲಿನಿಂದ ದೂರದಲ್ಲಿ ಹೊಸ ಬಾವಿ ತೋಡಬೇಕು. ಮೊದಲೇ ಗೊತ್ತಿದ್ದರೆ ಈ ಸಲ ಯಾವ ಮಗುವೂ ಸಾಯಬೇಕಾಗಿಲ್ಲ. ನೀವು ಹೇಳಿದರೆ ಜನ ಕೇಳುತ್ತಾರೆ."

"ನೋಡೋಣ" ಎಂದು ಗುರಿಕಾರ ಎದ್ದು ಬಂದ.

ಅವನು ಜನರಿಗೆ ಏನೂ ಹೇಳಲಿಲ್ಲ. ಅವನೇ ಹೇಳಲಿ ಎಂದು ನಾವಿಕ ಕಾದ. ನೀರು ಇನ್ನಷ್ಟು ಕಾಯಿತು. ಬಲೆ ಹಗುರವಾಯಿತು. ಜನ ಹೆದರಿ ಸಭೆ ಸೇರಿದರು. ಯಾರಿಂದ ಏನು ತಪ್ಪಾಗಿದೆ ಎಂದು ಒಬ್ಬರನ್ನೊಬ್ಬರು ನೋಡಿದರು. ನಾವಿಕ ಮಾತಾಡಲು ಎದ್ದು ನಿಂತ. ಅವನಿಗಿಂತ ಮೊದಲು ಗುರಿಕಾರ ಬಾಯಿ ತೆರೆದ.

"ಇವನು ಬರುವತನಕ ಮೀನಿತ್ತು" ಎಂದ. "ಯಾವ ಯಾವ ನೆಲ ಮೆಟ್ಟಿ ಏನೇನು ಅಂಟಿಸಿಕೊಂಡು ಬಂದಿದ್ದಾನೋ."

ನಾವಿಕ ಅವನ ಕಡೆ ತಿರುಗಿದ. "ಗುರಿಕಾರರೇ, ನಿಮಗೆ ಎಲ್ಲ ಹೇಳಿದ್ದೆನಲ್ಲ."

ಗುರಿಕಾರ ಅವನ ಮುಖ ನೋಡಲಿಲ್ಲ. ಜನರಿಗೆ ಅಷ್ಟು ಸಾಕಾಯಿತು. ಅವರು ನಾವಿಕನನ್ನು ಹೊಡೆಯುತ್ತ ಕೇರಿಯ ಗಡಿಯವರೆಗೆ ಅಟ್ಟಿದರು. ಅವನು ರಕ್ತ ಒರೆಸಿಕೊಳ್ಳುತ್ತ ಬಾವಿ ತೋಡಿ, ಮೀನು ಒಣಗಿಸಿ ಇಡಿ ಎಂದು ಕೂಗುತ್ತಿದ್ದ. ಯಾರೂ ತೋಡಲಿಲ್ಲ. ತಪ್ಪು ಕಳೆಯಿತು, ಇನ್ನು ಮೀನು ಬರುತ್ತದೆ ಎಂದು ಕಾದರು. ಕೈಯಲ್ಲಿದ್ದ ಮೀನನ್ನು ಮಾರಿದರು. ಆ ಬೇಸಗೆ ಸತ್ತ ಮಕ್ಕಳಲ್ಲಿ ಹಿಂದೆ ದೋಣಿ ತಡೆದಿದ್ದ ಆ ಬಸುರಿ ಆಗ ಹೆತ್ತ ಮಗನ ಕೂಸೂ ಇತ್ತು. ನಾವಿಕನ ಹೆಣ ಒಳನಾಡಿನ ದಾರಿಯಲ್ಲಿ ಒಣಗಿದ ಕೆರೆಯೊಂದರ ಪಕ್ಕ ಸಿಕ್ಕಿತು.

ಆಮೇಲೆ ನೀರು ತಣಿಯಿತು, ಮೀನು ಬಂತು. ಕೇರಿಯವರು ಗುರಿಕಾರನ ಕಾಲಿಗೆ ಬಿದ್ದರು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ:

"ಪಾಪ, ಗುರುಗಳೇ. ನಾವಿಕ ಅಷ್ಟು ಬಿಡಿಸಿ ಹೇಳಿದರೂ ಆ ಮುದುಕನಿಗೆ ನಿಜ ಅರ್ಥವಾಗಲಿಲ್ಲ."

"ಅರ್ಥವಾಗದಿದ್ದರೆ ಅವನು ನಾವಿಕನನ್ನು ಯಾಕೆ ಓಡಿಸುತ್ತಿದ್ದ?" ಎಂದರು ಗುರು.